ಹಳೆ ಬಾಗಿಲುವಾಡದ ಪಟ್ಟಿಗೆ ಹೊಂದುವ ಪಟ್ಟಿ ಎಲ್ಲಿ ಸಿಗುತ್ತೆ?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಇರುವ ನಿಮ್ಮ ಅಜ್ಜನ ಮನೆಯ ಮುಂಬಾಗಿಲಿನ ಸುತ್ತ ಹಲಸಿನ ಮರದ ಗೀರುಪಟ್ಟಿ (ಉದ್ದಕ್ಕೂ ಗೀರು ಕೀಸಿದ ಅಲಂಕಾರದ ಪಟ್ಟಿ) ಇದೆ, ಅದರ ಕೆಳಗಿನ ಎರಡು ಅಡಿಯನ್ನು ಒರಲೆ (ಗೆದ್ದಲು) ತಿಂದಿದೆ, ಅಂಗಡಿಯ ಬೀಡಿಂಗ್ ಒಂದೂ ಹೊಂದುತ್ತಿಲ್ಲ, ಕಾಂಟ್ರಾಕ್ಟರ್ ಬಾಗಿಲುವಾಡವನ್ನೇ ಬದಲಿಸಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಬದಲಿಸಬೇಡಿ. ಹಳೆ ಮನೆಗಳ ಮರಗೆಲಸವೇ ನನ್ನ ಕಸುಬು. ಪಟ್ಟಿಯ ಹಿಂದಿನ ಮರಕ್ಕೆ ಉಳಿಯ ಮೊನೆ ಒತ್ತಿ ನೋಡಿ. ಒಳಗೆ ಇಳಿಯದಿದ್ದರೆ ಬಾಗಿಲುವಾಡ ಗಟ್ಟಿ ಇದೆ, ಕೆಲಸ ಪಟ್ಟಿಯದ್ದು ಮಾತ್ರ.

ಅಂಗಡಿಯಲ್ಲಿ ಸಿಗದಿರುವುದು ಸಹಜ. ಆಗಿನ ಆಚಾರಿಗಳು ಕೀಸುಳಿಯ ಅಲಗನ್ನು ತಾವೇ ಮಸೆದು ಆಕಾರ ಕೊಡುತ್ತಿದ್ದರು. ಪಕ್ಕದ ಮನೆಯ ಪಟ್ಟಿಯೂ ನಿಮ್ಮದಕ್ಕೆ ಕೂರದೇ ಇರಬಹುದು. ಈಗಿನ ಬೀಡಿಂಗ್ ಮಿಲಿಮೀಟರ್ ಲೆಕ್ಕದ ಮಷಿನ್ ಮಾಲು.

ಹಾಗಾಗಿ ಮೊದಲು ಮನೆಯೊಳಗೇ ಹುಡುಕಿ. ಉಗ್ರಾಣದ ಬಾಗಿಲು, ಅಟ್ಟದ ಬಾಗಿಲು, ಕೊಟ್ಟಿಗೆ ಕಡೆಯ ಬಾಗಿಲು ನೋಡಿ. ಅದೇ ಅಲಗಿನಲ್ಲಿ ಕೀಸಿದ ಪಟ್ಟಿ ಯಾವುದಾದರೂ ಕತ್ತಲೆ ಮೂಲೆಯಲ್ಲಿದ್ದರೆ ಅದನ್ನು ಮುಂಬಾಗಿಲಿಗೆ ತನ್ನಿ, ಹೊಸದಾಗಿ ಮಾಡಿಸಿದ್ದನ್ನು ಉಗ್ರಾಣಕ್ಕೆ ಹಾಕಿ. ಮರವೂ ಅದೇ, ವಯಸ್ಸೂ ಅದೇ, ಬಣ್ಣ ತಾನಾಗಿ ಕೂಡಿಕೊಳ್ಳುತ್ತದೆ. ಬಿಚ್ಚುವಾಗ ಸುತ್ತಿಗೆಯಿಂದ ಮೀಟಿದರೆ ಪಟ್ಟಿ ಸೀಳುತ್ತದೆ. ಹಿಂದಿನ ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಗಳನ್ನೇ ಕೊಯ್ಯಿರಿ.

ಮನೆಯಲ್ಲಿ ಇಲ್ಲದಿದ್ದರೆ ಮಾಡಿಸಬೇಕು. ಅಳತೆಗೆ ಮುಂಚೆ ಬಣ್ಣ ತೆಗೆಯಿರಿ. ಪದರದ ಮೇಲೆ ಪದರ ಬಳಿದು ಗೀರುಗಳು ಅರ್ಧ ಮುಚ್ಚಿಹೋಗಿರುತ್ತವೆ. ನಮ್ಮಲ್ಲಿ ಮನೆ ಬಣ್ಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಸೀಸದ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಪ್ಪುಕಾಗದ ಹಾಕಿ ಉಜ್ಜಲೇಬೇಡಿ. ಪೇಂಟ್ ರಿಮೂವರ್ ಹಚ್ಚಿ, ಹಸಿಯಿರುವಾಗಲೇ ಕೆರೆಯಿರಿ, ಮಕ್ಕಳನ್ನು ದೂರ ಇಡಿ.

ಒರಲೆ ತಿಂದ ಭಾಗವನ್ನು ಹೇಗೂ ಕೊಯ್ದು ತೆಗೆಯಬೇಕು. ಅದನ್ನು ಗಟ್ಟಿ ಮರ ಸಿಗುವಲ್ಲಿ ನೇರವಾಗಿ ಕೊಯ್ಯಿಸಿ. ಆ ಕೊಯ್ದ ಮುಖವೇ ನಿಮ್ಮ ಅಚ್ಚು. ಅದನ್ನು ರಟ್ಟಿನ ಮೇಲಿಟ್ಟು ಚೂಪು ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆಯಿರಿ.

ಎರಡೇ ಅಡಿಗೆ ಮಷಿನ್ ಬೇಡ. ಹಳೆ ಕೈಗರಗಸದ ತಗಡಿನ ಒಂದು ತುಂಡಿನಲ್ಲಿ ಆ ಆಕಾರದ ಉಲ್ಟಾ ರೂಪವನ್ನು ಅರದಿಂದ ಅರೆದು, ಸೀಳಿದ ಮರದ ಹಿಡಿಯಲ್ಲಿ ಬಿಗಿದು, ಪಟ್ಟಿಯ ಉದ್ದಕ್ಕೂ ಎಳೆಯುತ್ತಾ ಹೋದರೆ ಮರ ಸ್ವಲ್ಪ ಸ್ವಲ್ಪವೇ ಕೆರೆದುಕೊಂಡು ಆಕಾರ ಇಳಿಯುತ್ತದೆ. ಅಗಲವಾದ ಗೀರಿನ ಮರವನ್ನು ಮೊದಲೇ ಉಳಿಯಲ್ಲಿ ತೆಗೆದಿಟ್ಟರೆ ಕೈಗೆ ಹಗುರ. ಇದು ಒಳ್ಳೆಯ ಆಚಾರಿಗೆ ಒಂದು ದಿನದ ಕೆಲಸ, ಮತ್ತು ಕೈಯಲ್ಲಿ ಕೆರೆದ ಪಟ್ಟಿಯ ಸಣ್ಣ ಏರುತಗ್ಗು ಹಳೆಯದರ ಪಕ್ಕ ಚೆನ್ನಾಗಿ ಒಪ್ಪುತ್ತದೆ. ನಲವತ್ತು ಐವತ್ತು ಅಡಿ ಬೇಕಿದ್ದರೆ ಮಾತ್ರ ಮೌಲ್ಡಿಂಗ್ ಮಷಿನ್ ಇರುವ ಕಡೆ ರಟ್ಟಿನ ಅಚ್ಚು ಕೊಟ್ಟು ಕಟರ್ ಮಸೆಸಿ. ಹೂವು ಬಳ್ಳಿಯ ಕೆತ್ತನೆ ಇದ್ದರೆ ನಿಮ್ಮ ಸಾಗರದಲ್ಲೇ ಕೆತ್ತನೆಯೇ ಕುಲಕಸುಬಾದ ಗುಡಿಗಾರರಿದ್ದಾರೆ, ಬೇರೆ ಊರು ಅಲೆಯಬೇಕಿಲ್ಲ.

ಮರ ಹಲಸಿನದೇ ಇರಲಿ, ಅದೂ ಚೇಗಿನದು, ಅಂದರೆ ಒಳಗಿನ ಗಟ್ಟಿ ತಿರುಳಿನದು. ಅಂಚಿನ ಬಿಳಿ ಭಾಗ ಸೇರಿದ್ದರೆ ಒರಲೆ ಮತ್ತೆ ಅಲ್ಲಿಂದಲೇ ಶುರು ಮಾಡುತ್ತದೆ. ಮನೆ ಕೆಡವಿದವರ ಹತ್ತಿರ ಹಳೆ ಜಂತಿಯ ತುಂಡು ಸಿಕ್ಕರೆ ಬಹಳ ಒಳ್ಳೆಯದು, ಚೆನ್ನಾಗಿ ಒಣಗಿರುತ್ತದೆ. ಕೀಸಿದಾಗ ಹಳದಿ ಕಂಡರೆ ಗಾಬರಿ ಬೇಡ. ಹಲಸು ಬೆಳಕಿಗೆ ಬಿದ್ದಷ್ಟೂ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಕೆಲವು ವಾರ ಬಿಸಿಲು ತಾಗುವಲ್ಲಿ ಇಟ್ಟು ನೋಡಿ, ಆಮೇಲೂ ಕಡಿಮೆ ಅನ್ನಿಸಿದರೆ ಮಾತ್ರ ಸ್ಟೇನ್ ಹಚ್ಚಿ. ಹೊಸ ಮರಕ್ಕೆ ಅವತ್ತೇ ಸ್ಟೇನ್ ಬಳಿದರೆ ವರ್ಷ ಕಳೆಯುವಷ್ಟರಲ್ಲಿ ಅದು ಹಳೆಯದಕ್ಕಿಂತ ಕಪ್ಪಾಗಿ ಕೂರುತ್ತದೆ.

ಅಚ್ಚು ತೆಗೆದ ಮೇಲೆ, ಜೋಡಿಸುವಲ್ಲಿ ಎರಡೂ ತುದಿಯನ್ನು ಓರೆಯಾಗಿ ಕೊಯ್ದು, ಮೇಲಿನ ತುಂಡು ಕೆಳಗಿನದರ ಮೇಲೆ ಮುಂದಕ್ಕೆ ಬರುವಂತೆ ಕೂರಿಸಿ, ನೀರು ಹೊರಗೇ ಇಳಿಯುತ್ತದೆ. ಕೂರಿಸುವ ಮುಂಚೆ ಹಿಂಬದಿಗೂ ಕೆಳತುದಿಗೂ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿಸಿ.

ಇನ್ನೊಂದು ವಿಷಯ ನೋಡಿ: ಒರಲೆ ಕೆಳಗಿನಿಂದಲೇ ಏಕೆ ಬಂತು? ಮಣ್ಣಿನ ನೆಲ ತೆಗೆದು ಸಿಮೆಂಟ್ ಅಥವಾ ಟೈಲ್ಸ್ ಹಾಕಿಸುವಾಗ ಪಟ್ಟಿಯ ಬುಡವನ್ನು ಗಾರೆಯೊಳಗೆ ಹೂತಿದ್ದರೆ, ಮಳೆಗಾಲವಿಡೀ ಅದು ನೀರು ಹೀರುತ್ತಾ ನಿಂತಿರುತ್ತದೆ. ಆ ಗಾರೆಯನ್ನು ಒಡೆಸಿ, ಹೊಸ ಪಟ್ಟಿಯ ಬುಡಕ್ಕೂ ನೆಲಕ್ಕೂ ನಡುವೆ ಕಾಲು ಇಂಚು ಸಂದಿ ಬಿಡಿಸಿ. ನೆಲದ ಸಂದಿಗಳಿಗೆ ಒರಲೆ ಔಷಧಿ ಹಾಕಿಸುವ ಕೆಲಸ ಪಟ್ಟಿ ಕೂರಿಸುವ ಮುಂಚೆಯೇ ಮುಗಿದಿರಲಿ.