ಏಳು ವರ್ಷದ ಮಗಳ ಹೊಸ ದವಡೆ ಹಲ್ಲು ಪುಡಿಯಾಗ್ತಿದೆ, ಡ್ರಿಲ್ ಮಾಡಿಸದೆ ಉಳಿಸಬಹುದಾ?

ಹಲ್ಲು ಬರುವಾಗಲೇ ಹಳದಿಯಾಗಿತ್ತು, ಈಗ ಮೂಲೆ ಉದುರಿದೆ, ತಣ್ಣೀರು ತಾಗಿದರೆ ಅಳುತ್ತಾಳೆ ಅಂತ ಬರೆದಿದ್ದೀರಿ. ಚಾಕಲೇಟ್ ಕೊಟ್ಟಿದ್ದಕ್ಕೇ ಹೀಗಾಯಿತಾ ಅಂತಲೂ ಕೇಳಿದ್ದೀರಿ. ನಾನು ಮಕ್ಕಳ ಹಲ್ಲಿನ ಡಾಕ್ಟರ್. ಮೊದಲು ಆ ಕೊರಗು ಬಿಡಿ.

ಇದು ಎಂಐಎಚ್ ಇರಬೇಕು, ಅಂದರೆ ದವಡೆ ಹಲ್ಲು, ಮುಂದಿನ ಹಲ್ಲುಗಳ ಎನಾಮೆಲ್ (ಹೊರಗಿನ ಪದರ) ಸರಿಯಾಗಿ ಗಟ್ಟಿಯಾಗದೆ ಉಳಿಯುವ ತೊಂದರೆ. ಆರನೇ ವರ್ಷಕ್ಕೆ ಬರುವ ಈ ದವಡೆ ಹಲ್ಲಿನ ಎನಾಮೆಲ್ ಮಗು ಹುಟ್ಟುವ ಹೊತ್ತಿಗೆ ಶುರುವಾಗಿ, ಸುಮಾರು ಮೂರು ವರ್ಷದೊಳಗೆ ತಯಾರಾಗುತ್ತದೆ. ಆಗ ಅದು ಸರಿಯಾಗಿ ಗಟ್ಟಿಯಾಗದಿದ್ದರೆ ಹಲ್ಲು ಮೆತ್ತಗೇ ಹೊರಗೆ ಬರುತ್ತದೆ. ಜಗತ್ತಿನಲ್ಲಿ 100ಕ್ಕೆ 13–14 ಮಕ್ಕಳಿಗೆ ಹೀಗಿರುತ್ತದೆ. ಪಾವಗಡ, ಕೋಲಾರದ ಕಡೆಯವರು ಇದನ್ನು ಫ್ಲೋರೈಡ್ ನೀರಿನ ಕಲೆ ಅಂದುಕೊಳ್ಳುತ್ತಾರೆ. ಆ ಕಲೆ ಸಾಮಾನ್ಯವಾಗಿ ಎರಡೂ ಕಡೆಯ ಹಲ್ಲುಗಳಲ್ಲಿ ಒಂದೇ ಥರ ಹರಡಿರುತ್ತದೆ. ಇದು ಹಾಗಲ್ಲ. ದವಡೆ ಹಲ್ಲುಗಳಲ್ಲಿ, ಕೆಲವೊಮ್ಮೆ ಮುಂದಿನ ಹಲ್ಲುಗಳಲ್ಲೂ, ಅಂಚು ಸ್ಪಷ್ಟವಾಗಿ ಕಾಣುವ ಬಿಳಿ, ಹಳದಿ ಅಥವಾ ಕಂದು ಮಚ್ಚೆ.

ಈ ಹಲ್ಲನ್ನು ಕೊರೆಯಲು ನಾನು ಅವಸರ ಮಾಡಲ್ಲ. ಒಳಗಿನ ನರ ಮೊದಲೇ ಕೆರಳಿರುತ್ತದೆ, ಇಂಜೆಕ್ಷನ್ ಕೊಟ್ಟರೂ ಎಷ್ಟೋ ಸಲ ಸರಿಯಾಗಿ ಜೋಮು ಹಿಡಿಯಲ್ಲ. ಆ ನೋವು ಮಗುವಿಗೆ ನೆನಪಿರುತ್ತದೆ. ಮುಂದಿನ ಸಲ ಬಾಯಿಯೇ ತೆರೆಯಲ್ಲ. ಕೊರೆದು ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದರೂ ಅಂಚಿನಲ್ಲಿ ಅದೇ ಮೆತ್ತನೆಯ ಎನಾಮೆಲ್ ಉಳಿದಿದ್ದರೆ ಮತ್ತೆ ಅಲ್ಲೇ ಉದುರುತ್ತದೆ.

ಇಂಥ ಹಲ್ಲನ್ನು ಒಣಗಿಸಲು ನಾನು ಗಾಳಿ ಊದುವುದೇ ಇಲ್ಲ. ಊದಿದರೆ ಮಗು ಕುರ್ಚಿಯಿಂದ ಹಾರಿಬಿಡುತ್ತದೆ. ಹತ್ತಿಯಿಂದ ಒತ್ತಿ ಒರೆಸುತ್ತೇನೆ. ಹುಳುಕಾಗಿ ಮೆತ್ತಗಾದ ಭಾಗವನ್ನಷ್ಟೇ ಪುಟ್ಟ ಚಮಚದಂಥ ಸಾಧನದಿಂದ ಕೆರೆದು ತೆಗೆದು, ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬಿ, ಗ್ಲೌಸ್ ಬೆರಳಿಗೆ ವ್ಯಾಸಲೀನ್ ಸವರಿ ಒತ್ತಿ ಹಿಡಿಯುತ್ತೇನೆ. ಸ್ವಲ್ಪ ಪಸೆಯಿದ್ದರೂ ಈ ಸಿಮೆಂಟ್ ಹಿಡಿದುಕೊಳ್ಳುತ್ತದೆ, ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡನ್ನೂ ಹೊರಬಿಡುತ್ತದೆ. ಸವೆದರೆ ಮತ್ತೆ ಹಾಕಬಹುದು. ಜುಮ್ಮೆನ್ನುವುದು ಬಹಳ ಕಡಿಮೆಯಾಗುತ್ತದೆ.

ಜಾಸ್ತಿ ಉದುರಿದ್ದರೆ ಸ್ಟೀಲ್ ಕ್ಯಾಪ್. ಸ್ಕಾಟ್ಲೆಂಡಿನ ಡಾಕ್ಟರ್ ನಾರ್ನಾ ಹಾಲ್ ಹಾಲುಹಲ್ಲುಗಳಿಗೆ ಕೊರೆಯದೆ, ಇಂಜೆಕ್ಷನ್ ಇಲ್ಲದೆ ಕ್ಯಾಪ್ ಕೂರಿಸುತ್ತಿದ್ದರು. ಅದನ್ನೇ ಈಗ ಈ ಹಲ್ಲುಗಳಿಗೂ ಮಾಡುತ್ತೇವೆ. ಕೆಲವು ದಿನ ಮೊದಲು ಹಲ್ಲುಗಳ ಸಂದಿಗೆ ಸಣ್ಣ ರಬ್ಬರ್ ಉಂಗುರ ಸೇರಿಸಿ ಜಾಗ ಮಾಡಿಕೊಳ್ಳುತ್ತೇವೆ. ಆಮೇಲೆ ಕ್ಯಾಪಿಗೆ ಸಿಮೆಂಟ್ ತುಂಬಿ ಕೂರಿಸಿ, ಮಗುವಿಗೆ ಹತ್ತಿ ಕಚ್ಚಿಸುತ್ತೇವೆ. ಮೊದಲ ಕೆಲವು ದಿನ ಕಚ್ಚಿದರೆ ಎತ್ತರ ಅನ್ನಿಸುತ್ತದೆ, ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಬೆಳ್ಳಿ ಬಣ್ಣ ಅಂತ ಎಷ್ಟೋ ತಾಯಂದಿರು ಹಿಂಜರಿಯುತ್ತಾರೆ. ಆದರೆ ಬೆಳವಣಿಗೆ ಮುಗಿಯೋ ತನಕ ಹಲ್ಲನ್ನು ಕಾಯುವುದು ಅದೇ ಅಲ್ವಾ? ದೊಡ್ಡವಳಾದ ಮೇಲೆ ಬೇರೆ ಕ್ಯಾಪ್ ಹಾಕಿಸಬಹುದು.

ರಾತ್ರಿ ತಾನಾಗೇ ನೋವು ಬಂದು ಎಚ್ಚರವಾಗುತ್ತಿದ್ದರೆ, ವಸಡು ಊದಿದ್ದರೆ, ಇಷ್ಟು ಸಾಲದು. ಎಕ್ಸ್‌ರೇ ತೆಗೆಸಿ ನೋಡಬೇಕು.

ಈ ವಾರವೇ ಮಕ್ಕಳ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಕುರ್ಚಿಯಲ್ಲಿ ಕೂರಿಸುವ ಮೊದಲೇ "ಗಾಳಿ ಊದಬೇಡಿ, ತುಂಬಾ ಜುಮ್ಮೆನ್ನುತ್ತೆ" ಅಂತ ಹೇಳಿಬಿಡಿ. ಅಲ್ಲಿವರೆಗೆ ಉಗುರುಬೆಚ್ಚಗಿನ ನೀರಲ್ಲಿ, ಮೆತ್ತನೆಯ ಬ್ರಷ್ಷಿನಿಂದ, ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಉಜ್ಜಿ. ನೋಯುತ್ತದೆ ಅಂತ ಆ ಕಡೆ ಉಜ್ಜದೆ ಬಿಡಬೇಡಿ.