ಅಕ್ಕಿ ಬರುತ್ತಿದೆ, ನಿಮ್ಮ ಮನೆಗಲ್ಲ

ಹೊಸನಗರ ತಾಲೂಕಿನಿಂದ ಬಂದ ಪತ್ರವೊಂದು ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ನೋಟ್‌ಬುಕ್ಕಿನ ಹಾಳೆ ಹರಿದು ಎರಡೂ ಬದಿ ಬರೆದದ್ದು. ಓದಿ ಮಡಚಿಟ್ಟೆ, ಮತ್ತೆ ತೆಗೆದೆ. ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಬರೆದ ತಂಗಿಗೆ 33 ವರ್ಷ. ಗಂಡ ಕಳೆದ ಶ್ರಾವಣದಲ್ಲಿ ಕೊಳೆರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದಾಗ ಜಾರಿ ಬಿದ್ದ. ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಭಾರ ಎತ್ತಲಾಗದು, ಮರ ಹತ್ತುವುದಂತೂ ದೂರದ ಮಾತು. ಇಬ್ಬರು ಮಕ್ಕಳು. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಮಗ ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ್ದಾನೆ. ಮೂರು ವರ್ಷದ ಹಿಂದೆ ಗಂಡನ ಅಣ್ಣನ ಜೊತೆ ಜಗಳವಾಗಿ ಮನೆ ಬಿಟ್ಟು ಬಂದರು. ಈಗಿರುವುದು ಬಗರ್‌ಹುಕುಂ ಜಾಗದಲ್ಲಿ ಒಂದು ಶೀಟಿನ ಮನೆ. ಆಸ್ಪತ್ರೆ ಖರ್ಚಿಗೆ ತೋಟದ ಒಡೆಯರಿಂದ 18,000 ರೂಪಾಯಿ ಸಾಲ ತಂದಿದ್ದಾರೆ. ಈಗ ಒಡೆಯರು ಹೇಳುತ್ತಿರುವುದು ಇಷ್ಟು: ಬೆಂಗಳೂರಿನಲ್ಲಿರುವ ತಮ್ಮ ಮಗಳಿಗೆ ಎರಡು ವರ್ಷದ ಕೂಸಿದೆ, ನೋಡಿಕೊಳ್ಳಲು ಜನ ಬೇಕು. ನಿಮ್ಮ ಹುಡುಗಿಯನ್ನು ಕಳಿಸಿ, ಮನೆ ಮಗಳ ಹಾಗೆ ಇಟ್ಟುಕೊಳ್ಳುತ್ತಾರೆ, ಅಲ್ಲೇ ಶಾಲೆಗೂ ಸೇರಿಸುತ್ತಾರೆ, ಸಾಲದ ಮಾತು ಬಿಡೋಣ.

"ಕಳಿಸಿದರೆ ತಪ್ಪಾ ಅಕ್ಕಾ? ಅಲ್ಲಿ ಮೂರು ಹೊತ್ತು ಊಟವಾದರೂ ಸಿಗುತ್ತೆ" ಎಂದು ಕೇಳಿದ್ದೀರಿ.

ತಂಗಿ, ಕಳಿಸಬೇಡಿ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಳಿಸಬೇಡಿ ಅಂತ ಹೇಳಿ ನಾನು ಸುಮ್ಮನಾದರೆ ನಿಮ್ಮ ಒಲೆ ಉರಿಯುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೇ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಎರಡನೇ ಬದಿಯಲ್ಲಿ, ಕೆಳಗಡೆ, ಒಂದು ಮಾತು ಬರೆದಿದ್ದೀರಿ: "ರೇಷನ್ ಕಾರ್ಡ್ ಇನ್ನೂ ಅತ್ತೆ ಹೆಸರಲ್ಲೇ ಇದೆ. ನಮ್ಮ ನಾಲ್ಕೂ ಜನರ ಹೆಸರು ಅದರಲ್ಲೇ ಇದೆ. ಕಾರ್ಡು ಭಾವನ ಮನೇಲಿರುತ್ತೆ. ಅದಿರಲಿ ಬಿಡಿ."

ಹೇಗೆ ಬಿಡಲಿ?

ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಅದರ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ಹೆಸರಿರುವ ಪ್ರತಿ ತಲೆಗೂ ತಿಂಗಳಿಗೆ 5 ಕೆಜಿ ಧಾನ್ಯ. ದೊಡ್ಡವರು, ಮಕ್ಕಳು ಅಂತ ಭೇದವಿಲ್ಲ. ರಾಜ್ಯ ಸರ್ಕಾರ ಅದರ ಮೇಲೆ ಕೊಡುವುದು ಬೇರೆ, ಅದನ್ನು ಇಲ್ಲಿ ಹಿಡಿಯುವುದೇ ಬೇಡ. ನೀವು ನಾಲ್ಕು ಜನ. ತಿಂಗಳಿಗೆ 20 ಕೆಜಿ. ಬೇರೆ ಬಂದು ಮೂರು ವರ್ಷ. ಅಂದರೆ 720 ಕೆಜಿ. 50 ಕೆಜಿಯ 14 ಮೂಟೆ, ಮೇಲೆ ಇನ್ನೂ 20 ಕೆಜಿ. ನಿಮ್ಮ ಮಗಳ ಹೆಸರಿಗೆ ಬಂದ ಅಕ್ಕಿ ಇಷ್ಟು ದಿನ ಭಾವನ ಮನೆಯಲ್ಲಿ ಬೆಂದಿದೆ. ಇಲ್ಲಿ ನೀವು ಅದೇ ಮಗಳನ್ನು ಅನ್ನಕ್ಕಾಗಿ ಬೆಂಗಳೂರಿಗೆ ಕಳಿಸುವ ಮಾತಾಡುತ್ತಿದ್ದೀರಿ.

ಸಾಲದ ಬೇರೂ ಅಲ್ಲೇ ಇದೆ. ಗಂಡನನ್ನು ಆಸ್ಪತ್ರೆಗೆ ಸೇರಿಸಿದಾಗ ಕಾರ್ಡ್ ಕೇಳಿದರು, ಭಾವ "ಎಲ್ಲಿಟ್ಟಿದ್ದೀವೋ ನೋಡಬೇಕು" ಅಂದರು, ಕೊನೆಗೆ ದುಡ್ಡು ಕಟ್ಟಿದೆವು ಎಂದು ಬರೆದಿದ್ದೀರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಎಲ್ಲ ಖರ್ಚೂ ಅದರಲ್ಲಿ ಮುಗಿಯುತ್ತದೆ ಎಂದಲ್ಲ. ಆದರೆ ಅವತ್ತು ಆ ಕಾರ್ಡ್ ನಿಮ್ಮ ಕೈಯಲ್ಲಿದ್ದಿದ್ದರೆ ಒಡೆಯರ ಮುಂದೆ ಇಷ್ಟು ದೊಡ್ಡ ಮೊತ್ತಕ್ಕೆ ಕೈ ಚಾಚುವುದು ಬರುತ್ತಿತ್ತಾ? ಕಾರ್ಡ್ ಇಲ್ಲದ್ದಕ್ಕೆ ಸಾಲ. ಸಾಲಕ್ಕೆ ಮಗಳು. ಈ ದಾರಿ ಶುರುವಾದದ್ದು ಭಾವನ ಮನೆಯ ಕಪಾಟಿನಿಂದ.

ನಮ್ಮ ಮಲೆನಾಡಿನ ಬಡತನ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸುತ್ತ ಹಸಿರು, ತೋಟ, ಹರಿಯುವ ಹಳ್ಳ. ಇಲ್ಲಿ ಹಸಿವೆಯೇ ಅಂತ ಕೇಳುತ್ತಾರೆ. ಬಯಲುಸೀಮೆಯವರಿಗೆ ಬೇಸಿಗೆ ಕಷ್ಟವಾದರೆ ನಮಗೆ ಕಷ್ಟ ಈ ಪುನರ್ವಸು, ಪುಷ್ಯ ಮಳೆಯ ದಿನಗಳು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗಲು ಇನ್ನೂ ತಿಂಗಳುಗಳಿವೆ. ಮೊದಲೆಲ್ಲ ಈ ಹೊತ್ತಿಗೆ ಭತ್ತದ ನೆಟ್ಟಿ ಕೆಲಸ ಇರುತ್ತಿತ್ತು, ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಗದ್ದೆಗೆಲ್ಲ ಅಡಿಕೆ ಹಾಕಿದ ಮೇಲೆ ನೆಟ್ಟಿಯೂ ಕಡಿಮೆಯಾಯಿತು. ಸುಗ್ಗಿಯಲ್ಲಿ ಮೆಟ್ಟುಗತ್ತಿ ಹಿಡಿದು ರಾತ್ರಿ ಹತ್ತರವರೆಗೆ ಅಡಿಕೆ ಸುಲಿದು ದುಡಿಯುತ್ತಿದ್ದ ಕಡೆ ಈಗ ಸುಲಿಯುವ ಯಂತ್ರ ಬಂದಿದೆ. ಕಳಲೆ, ಕೆಸುವಿನ ಸೊಪ್ಪು, ಹಲಸಿನ ಬೀಜ, ಅಣಬೆ ಅಂತ ಪೇಟೆಯವರು ಮಳೆಗಾಲದ ರುಚಿ ಹೇಳುತ್ತಾರಲ್ಲ, ಆ ಸಾಲಿನಲ್ಲಿ ಅರ್ಧ ನಮ್ಮ ಅಜ್ಜಿಯರು ಅಕ್ಕಿ ಮುಗಿದ ದಿನ ಕಂಡುಕೊಂಡ ಅಡುಗೆ.

ಇನ್ನೊಂದು ಮಾತು ಬರೆದಿದ್ದೀರಿ. "ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟರೆ ಬೇರೆ ಮಕ್ಕಳು ಕುಣೀತಾವೆ, ನನ್ನ ಮಗ ಮುಖ ಸಣ್ಣ ಮಾಡ್ಕೊಂಡು ಕೂರ್ತಾನೆ." ಮಳೆ ರಜೆ ಅಂದರೆ ಬಿಸಿಯೂಟಕ್ಕೂ ರಜೆ, ಅಲ್ವಾ? ಅವತ್ತು ನಿಮಗೆ ಕೂಲಿಯೂ ಇರುವುದಿಲ್ಲ. ಹೊಳೆ ಉಕ್ಕುವಾಗ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು, ಒಪ್ಪುತ್ತೇನೆ. ಆದರೆ ಆ ದಿನದ ಅಕ್ಕಿ ಮನೆಗೆ ತಲುಪಿಸುವ ಯೋಚನೆಯನ್ನೂ ಯಾರಾದರೂ ಮಾಡಬೇಕು. ರಜೆ ಘೋಷಣೆಯ ಸುದ್ದಿ ಕೇಳಿದಾಗಲೆಲ್ಲ ಇನ್ನು ಮೇಲೆ ನನಗೆ ನಿಮ್ಮ ಮಗನ ಮುಖ ನೆನಪಾಗುತ್ತದೆ.

ಒಡೆಯರ ಬಗ್ಗೆ ನಾನು ಹೆಚ್ಚು ಕೆಟ್ಟ ಮಾತು ಆಡಲಾರೆ. ಬಿದ್ದ ರಾತ್ರಿ ತಮ್ಮ ಜೀಪಿನಲ್ಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು ಎಂದು ನೀವೇ ಬರೆದಿದ್ದೀರಿ. ಅದನ್ನು ಮರೆಯಬಾರದು. ಆದರೆ ಬಿದ್ದದ್ದು ಅವರ ತೋಟದ ಮರದಿಂದ, ಅವರ ಕೆಲಸ ಮಾಡುತ್ತಾ. ಆ ಖರ್ಚು ನಿಮ್ಮ ತಲೆಯ ಮೇಲೆ ಸಾಲವಾಗಿ ಬಂದದ್ದೇ ನನಗೆ ಸರಿ ಕಾಣುವುದಿಲ್ಲ. ಸಾಲಕ್ಕೆ ಬದಲಾಗಿ ದುಡಿಸಿಕೊಳ್ಳುವುದನ್ನು 1976ರ ಕಾಯ್ದೆ ಜೀತ ಎಂದೇ ಕರೆಯುತ್ತದೆ. ಒಡೆಯರಿಗೆ ಆ ಯೋಚನೆ ಬಂದಿಲ್ಲದಿರಬಹುದು. ಯಾರಾದರೂ ಹೇಳಿದರೆ ತಿಳಿದುಕೊಳ್ಳುವವರ ಹಾಗೆ ಕಾಣುತ್ತಾರೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೆಂಗಳೂರಿನ ಆ ಮಗಳ ಮೇಲೆ. ಓದಿದವಳು, ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ ಎಂದು ಬರೆದಿದ್ದೀರಿ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಈ ದೇಶ 2006ರಲ್ಲೇ ನಿಷೇಧಿಸಿದೆ. 2016ರ ತಿದ್ದುಪಡಿ ಬಂದ ಮೇಲೆ, ಸ್ವಂತ ಮನೆಯವರಿಗೆ ನೆರವಾಗುವುದು, ಸಿನಿಮಾದಲ್ಲಿ ನಟಿಸುವುದು ಇಂಥ ಒಂದೆರಡು ಬಿಟ್ಟರೆ ಯಾವ ಕೆಲಸಕ್ಕೂ ಇಡುವ ಹಾಗಿಲ್ಲ. 6ರಿಂದ 14 ವರ್ಷದ ಮಗು ಶಾಲೆಯಲ್ಲಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ತನ್ನ ಕೂಸನ್ನು ನೋಡಿಕೊಳ್ಳಲು ದೊಡ್ಡವರೊಬ್ಬರಿಗೆ ಸರಿಯಾದ ಸಂಬಳ ಕೊಡುವ ಶಕ್ತಿ ಅವಳಿಗಿದೆ. ಅಪ್ಪನ ತೋಟದ ಆಳಿನ ಮನೆಯಿಂದ ಹುಡುಗಿ ಬಂದರೆ ಸಂಬಳವೂ ಬೇಡ, ಎದುರು ಮಾತೂ ಇಲ್ಲ. ಹೆಣ್ಣು ಮಗುವನ್ನು ಹೆತ್ತವರು ಇನ್ನೊಬ್ಬರ ಹೆಣ್ಣು ಮಗುವನ್ನು ಹೀಗೆ ಲೆಕ್ಕ ಹಾಕಬಾರದು.

"ಅಲ್ಲೇ ಶಾಲೆಗೆ ಸೇರಿಸುತ್ತಾರೆ" ಎಂಬ ಮಾತನ್ನು ನಂಬಬೇಡಿ. ನಾನು ತೀರ್ಥಹಳ್ಳಿ ಕಡೆಯವಳು. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. ಅವಳಿಗೂ ಇದೇ ಮಾತು ಹೇಳಿ ಕರೆದುಕೊಂಡು ಹೋಗಿದ್ದರು. ನಾಲ್ಕು ವರ್ಷ ಬಿಟ್ಟು ಊರಿನ ಜಾತ್ರೆಯಲ್ಲಿ ಸಿಕ್ಕಳು. ಬಟ್ಟೆ ಚೆನ್ನಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಿಷಯ ತೆಗೆದೆ. ಅವಳು ಬಳೆ ಅಂಗಡಿ ಕಡೆ ತಿರುಗಿಕೊಂಡಳು. ಎರಡು ಬೆಂಚಿನ ನಡುವೆ ಇದ್ದ ಜಾಗದಷ್ಟೇ ದೂರ ನಿಂತಿದ್ದೆವು, ಮಾತು ಸಿಗಲಿಲ್ಲ.

ನಿಮ್ಮ ಗಂಡನಿಗೂ ಒಂದು ಮಾತು. ಬೆನ್ನು ನೋವಿನ ಸಂಕಟ ದೊಡ್ಡದು, ಕೆಲಸ ಮಾಡಲಾಗದೆ ಮನೆಯಲ್ಲಿ ಕೂರುವ ಸಂಕಟ ಇನ್ನೂ ದೊಡ್ಡದು. ಆದರೆ ಪೆಟ್ಟಾಗಿರುವುದು ಬೆನ್ನಿಗೆ, ಬಾಯಿಗಲ್ಲ. "ಅಣ್ಣನ ಹತ್ತಿರ ಕೇಳೋಕೆ ಇವರಿಗೆ ಮನಸ್ಸಿಲ್ಲ, ಮರ್ಯಾದೆ ಪ್ರಶ್ನೆ ಅಂತಾರೆ" ಎಂದು ಬರೆದಿದ್ದೀರಿ. ಅಣ್ಣನ ಹತ್ತಿರ 20 ಕೆಜಿ ಅಕ್ಕಿ ಕೇಳುವುದು ಮರ್ಯಾದೆಗೆ ಕಡಿಮೆ, 12 ವರ್ಷದ ಮಗಳನ್ನು ಕೆಲಸಕ್ಕೆ ಕಳಿಸುವುದು ಕಡಿಮೆಯಲ್ಲ ಅಂದರೆ ಆ ಮರ್ಯಾದೆ ನನಗೆ ಅರ್ಥವಾಗುವುದಿಲ್ಲ. ಅಣ್ಣ ಕೊಡುವ ದಾನವೂ ಅದಲ್ಲ. ನಿಮ್ಮದೇ ಪಾಲು.

ಅತ್ತೆಯನ್ನು ಮಾತ್ರ ಈ ಜಗಳಕ್ಕೆ ಎಳೆಯಬೇಡಿ. ಕಾರ್ಡಿನ ಯಜಮಾನಿ ಅವರಾದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಹೋಗುತ್ತದೆ. ಅದು ಅವರದ್ದೇ ಆಗಿರಲಿ. ಆ ವಯಸ್ಸಿನಲ್ಲಿ ಮಾತ್ರೆಗೆ, ಎಲೆ ಅಡಿಕೆಗೆ ಮಗನ ಮುಖ ನೋಡದೆ ಬದುಕುವ ಸುಖ ಅವರಿಗೆ ಈಗ ತಾನೆ ಸಿಕ್ಕಿರಬಹುದು.

ನಿಮ್ಮ ಹೆಸರಿನಲ್ಲಿ ಒಂದು ಕಾರ್ಡ್ ಆಗಬೇಕು. ಕಾಗದ ಹೆಂಗಸಿನ ಹೆಸರಿನಲ್ಲಿರಲಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಕಾರ್ಡಿನ ಯಜಮಾನಿ ಎಂದು ಕಾಯ್ದೆಯೇ ಹೇಳುತ್ತದೆ. ಬೇರೆ ಕಾರ್ಡಾದರೆ ಆ ಯಜಮಾನಿ ನೀವು, ಆಗ ಗೃಹಲಕ್ಷ್ಮಿಗೂ ನೀವೇ ಅರ್ಜಿ ಹಾಕಬಹುದು. ವರ್ಷಕ್ಕೆ 1.20 ಲಕ್ಷದೊಳಗಿನ ಆದಾಯ ಅಂತ ನಾಡಕಚೇರಿಯಿಂದ ಪ್ರಮಾಣ ಪತ್ರ ಮಾಡಿಸಿಟ್ಟುಕೊಳ್ಳಿ. ಆದರೆ ಹೊಸ ಕಾರ್ಡಿನ ಅರ್ಜಿ ಎಲ್ಲ ದಿನ ತೆಗೆದುಕೊಳ್ಳುವುದಿಲ್ಲ. ಯಾವಾಗ ತೆರೆಯುತ್ತಾರೆ ಎಂದು ತಾಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಕೇಳಿಕೊಳ್ಳಿ. ಅದು ಗೊತ್ತಾಗುವ ಮೊದಲೇ ಹಳೆ ಕಾರ್ಡಿನಿಂದ ಹೆಸರು ತೆಗೆಸಿಬಿಟ್ಟರೆ ಅದೂ ಇಲ್ಲ, ಇದೂ ಇಲ್ಲ ಆಗುತ್ತದೆ. ಅವಸರ ಮಾಡಬೇಡಿ. ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಅದಕ್ಕೇ ಸುಮ್ನೆ ಓಡಾಡಬೇಡಿ, ಒಂದೇ ಸಲಕ್ಕೆ ಎಲ್ಲ ಕೇಳಿಕೊಂಡು ಬನ್ನಿ.

ಒಡೆಯರಿಗೆ ಹೀಗೆ ಹೇಳಿ: "ಮಗಳು ಓದ್ಲಿ ಅಂತಿದ್ದೀವಿ. ನಿಮ್ಮ ದುಡ್ಡು ಕೊನೆ ಕೊಯ್ಲು ಶುರುವಾದ ಮೇಲೆ ವಾರಕ್ಕೆ 300ರ ಹಾಗೆ ಕೂಲಿಯಲ್ಲಿ ಮುರ್ಕೊಳ್ಳಿ." ವಾರಕ್ಕೆ 300 ಅಂದರೆ 60 ವಾರ. ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಅವರ ಸಹಿ ಹಾಕಿಸಿಕೊಳ್ಳಿ. ಅವರು ಒತ್ತಾಯ ಮಾಡಿದರೆ ಶಾಲೆಯ ಮುಖ್ಯ ಶಿಕ್ಷಕರಿಗೆ ತಿಳಿಸಿ. ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡು ಹೋಗುವುದಿಲ್ಲ.

ಇದೆಲ್ಲ ಆಮೇಲೆ. ಈಗ ನೀವು ಮಾಡಬೇಕಾದದ್ದು ಒಂದೇ ಕೆಲಸ. ಈ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುವ ದಿನ ಯಾವುದು ಎಂದು ಕೇಳಿಕೊಳ್ಳಿ. ಹಿಂದಿನ ಸಂಜೆ ನಿಮ್ಮ ಗಂಡ ಅಣ್ಣನಿಗೆ ಫೋನ್ ಮಾಡಲಿ. "ಅಣ್ಣಾ, ನಾಳೆ ನಮ್ಮ ಪಾಲು ಅಂಗಡೀಲೇ ತಗೊಳ್ತೀವಿ" ಅಂದರೆ ಸಾಕು. ಜಗಳ ಬೇಡ, ಹಳೆಯದು ತೆಗೆಯುವುದು ಬೇಡ. ಬೆಳಿಗ್ಗೆ ಅವರಿಗಿಂತ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಿ. ಕಾರ್ಡಿನಲ್ಲಿ ಹೆಸರಿರುವ ಯಾರ ಹೆಬ್ಬೆಟ್ಟಾದರೂ ಆಗುತ್ತದೆ, ನಿಮ್ಮದೂ ಆಗುತ್ತದೆ. ನಾಲ್ಕೂ ಜನರ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತ ಮಾಡುವುದು, ಸರಿ ಇದೆಯಾ ಎಂದು ಅಲ್ಲೇ ಕೇಳಿ. ಭಾವ ಬಂದ ಮೇಲೆ ನಾಲ್ಕು ಜನರದ್ದನ್ನು ಎಲ್ಲರ ಎದುರೇ ಬೇರೆ ತೂಗಿಸಿ, ಅವರ ಪಾಲು ಅವರಿಗೆ ಬಿಟ್ಟುಕೊಡಿ. ಗಂಡನಿಗೆ ಭಾರ ಹೊರಲಾಗದು, ಆದ್ದರಿಂದ ಎರಡು ಚೀಲ ತೆಗೆದುಕೊಂಡು ಹೋಗಿ, ಹತ್ತು ಹತ್ತು ಕೆಜಿ ಮಾಡಿಕೊಳ್ಳಿ. ಮೇಲೆ ಹೊದಿಸಲು ಪ್ಲಾಸ್ಟಿಕ್ ಇರಲಿ, ಮಳೆ ಬಿಡುವ ಹಾಗೆ ಕಾಣುವುದಿಲ್ಲ.