ಬ್ರಿಟನ್ನಿನ ‘ಮಾಡ್’ಗಳಿಗೆ ಆ ಹೆಸರು ಬಂದದ್ದು ಹೇಗೆ?

‘ಮಾಡ್’ಗಳೆಂದರೆ 1960ರ ದಶಕದಲ್ಲಿ ಹೆಸರಾದ, ಉಡುಪು ಮತ್ತು ಸಂಗೀತದ ಗೀಳಿನ ಬ್ರಿಟಿಷ್ ಯುವಜನರ ಬಣ. ‘ಮಾಡ್’ ಎಂಬುದು ‘ಮಾಡರ್ನಿಸ್ಟ್’ ಪದದ ಮೊಟಕು ರೂಪ. ಹಾಗೆಂದು ಅದು ಮೊದಲು ಸೂಚಿಸಿದ್ದು ಆಧುನಿಕ ಉಡುಪನ್ನಲ್ಲ, ಮಾಡರ್ನ್ ಜಾಝ್ ಸಂಗೀತವನ್ನು.

1950ರ ದಶಕದ ಕೊನೆಯಲ್ಲಿ ಲಂಡನ್ನಿನ ಜಾಝ್ ಕೇಳುಗರಲ್ಲಿ ಎರಡು ಬಣಗಳಿದ್ದವು. ನ್ಯೂ ಆರ್ಲಿಯನ್ಸ್‌ನ ಹಳೆಯ ಧಾಟಿಯನ್ನು, ಅಂದರೆ ಬ್ಯಾಂಜೊ, ಕ್ಲಾರಿನೆಟ್‌ಗಳ ‘ಟ್ರೆಡಿಷನಲ್’ ಜಾಝನ್ನು ಮೆಚ್ಚುವವರದು ‘ಟ್ರ್ಯಾಡ್’ ಬಣ. ಚಾರ್ಲಿ ಪಾರ್ಕರ್, ಮೈಲ್ಸ್ ಡೇವಿಸ್ ಅವರ ಹೊಸ ಜಾಝ್ ಕೇಳುವವರು ‘ಮಾಡರ್ನಿಸ್ಟ್’ಗಳು. ಮೊದಲಿನದು ‘ಟ್ರ್ಯಾಡ್’ ಎಂದು ಮೊಟಕಾದಂತೆ ಎರಡನೆಯದು ‘ಮಾಡ್’ ಆಯಿತು.

ಗೊಂದಲ ಶುರುವಾಗುವುದು ಇಲ್ಲಿಂದ ಮುಂದೆ. ಈ ಹುಡುಗರಿಗೆ ಮೈಗೊಪ್ಪುವ ಇಟಾಲಿಯನ್ ಸೂಟಿನ ಗೀಳೂ ಇತ್ತು. ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರುಗಳು ಆಮೇಲೆ ಸೇರಿಕೊಂಡವು. 1960ರ ದಶಕ ಕಾಲಿಟ್ಟ ಮೇಲೆ ಅವರ ಕಿವಿ ಅಮೆರಿಕದ ಸೋಲ್, ರಿದಮ್ ಆ್ಯಂಡ್ ಬ್ಲೂಸ್ ಮತ್ತು ಜಮೈಕಾದ ಸ್ಕಾ ಸಂಗೀತದ ಕಡೆಗೆ ತಿರುಗಿತು. ಜಾಝ್ ಹಿಂದೆ ಬಿತ್ತು, ಹೆಸರು ಮಾತ್ರ ಅಂಟಿಕೊಂಡಿತು. 1964ರಲ್ಲಿ ಕ್ಲ್ಯಾಕ್ಟನ್, ಬ್ರೈಟನ್ ಕಡಲತೀರಗಳಲ್ಲಿ ಮೋಟರ್‌ಸೈಕಲ್ ಪ್ರಿಯ ‘ರಾಕರ್’ಗಳೊಂದಿಗೆ ಅವರು ಹೊಡೆದಾಡಿದಾಗ ಪತ್ರಿಕೆಗಳು ಈ ಪದವನ್ನು ಮನೆಮನೆಗೆ ಮುಟ್ಟಿಸಿದವು. ಹೊಸದಾಗಿ ಕೇಳಿದವರಿಗೆ ಕಂಡದ್ದು ಸೂಟು ಮತ್ತು ಸ್ಕೂಟರು. ಹೀಗಾಗಿಯೇ ಇದು ಫ್ಯಾಷನ್ನಿನಿಂದ ಹುಟ್ಟಿದ ಪದವೆಂದು ಈಗಲೂ ಹಲವರು ತಿಳಿಯುತ್ತಾರೆ.